ನಿವ್ವಳ ಅಯಾನು ಸಮೀಕರಣ: ಹೆಸ್‌ನಿಂದ ಓಸ್ಟ್‌ವಾಲ್ಡ್‌ವರೆಗೆ

ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಸೋಡಿಯಂ ಕ್ಲೋರೈಡ್ ದ್ರಾವಣ ಬೆರೆಸಿದರೆ ಬಿಳಿಯ ಪ್ರಕ್ಷೇಪ ಉಂಟಾಗುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಇದರ ಪೂರ್ಣ ಸಮೀಕರಣ ಬರೆದು, ಎರಡೂ ಬದಿಯಲ್ಲಿ ಬದಲಾಗದೆ ಉಳಿದ ಸೋಡಿಯಂ ಮತ್ತು ನೈಟ್ರೇಟ್ ಅಯಾನುಗಳನ್ನು, ಅಂದರೆ ಪ್ರೇಕ್ಷಕ ಅಯಾನುಗಳನ್ನು, ಹೊಡೆದುಹಾಕುತ್ತಾರೆ. ಉಳಿಯುವ ನಿವ್ವಳ ಸಮೀಕರಣ ಇಷ್ಟೇ:

ಸಿಲ್ವರ್ ಅಯಾನು + ಕ್ಲೋರೈಡ್ ಅಯಾನು → ಸಿಲ್ವರ್ ಕ್ಲೋರೈಡ್ (ಘನ)

ನೋಡಲು ಇದು ಬೀಜಗಣಿತದ ಸಂಕ್ಷೇಪ. ಆದರೆ ಹಾಗೆ ಹೊಡೆದುಹಾಕುವ ಅಧಿಕಾರ ರಸಾಯನಶಾಸ್ತ್ರಕ್ಕೆ ದಕ್ಕಿದ್ದು ಅರ್ಧ ಶತಮಾನದ ಅಳತೆಗಳಿಂದ ಎಂಬುದು ಈ ಲೇಖನದ ಪ್ರತಿಪಾದನೆ.

ಉಷ್ಣದ ಸಾಕ್ಷ್ಯ

ಮೈಕೆಲ್ ಫ್ಯಾರಡೆ 1834ರಲ್ಲಿ ಅಯಾನು ಎಂಬ ಹೆಸರು ಕೊಟ್ಟದ್ದು ವಿದ್ಯುದ್ವಿಭಜನೆಯಲ್ಲಿ ವಿದ್ಯುದ್ವಾರಗಳತ್ತ ಸಾಗುವ ಘಟಕಗಳಿಗೆ. ವಿದ್ಯುತ್ ಹರಿಸದ ಉಪ್ಪುನೀರಿನಲ್ಲೂ ಅವು ಬಿಡಿಬಿಡಿಯಾಗಿ ಇರುತ್ತವೆ ಎಂಬ ಎಣಿಕೆ ಆಗ ಇರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನ ಜರ್ಮೈನ್ ಹೆಸ್ 1840ರ ದಶಕದಲ್ಲಿ ಒಂದು ಒಗಟನ್ನು ಮುಂದಿಟ್ಟರು: ಪ್ರಕ್ಷೇಪ ಕೊಡದ ಎರಡು ತಟಸ್ಥ ಲವಣಗಳ ದ್ರಾವಣಗಳನ್ನು ಬೆರೆಸಿದಾಗ ಉಷ್ಣದಲ್ಲಿ ಹೆಚ್ಚುಕಡಿಮೆ ಯಾವ ಬದಲಾವಣೆಯೂ ಕಾಣದು. ಲವಣಗಳು ತಮ್ಮ ಜೊತೆಗಾರರನ್ನು ಅದಲುಬದಲು ಮಾಡಿಕೊಂಡಿದ್ದರೆ ಉಷ್ಣ ಸುಮ್ಮನಿದ್ದುದೇಕೆ? ಮುಂದೆ ಡೆನ್ಮಾರ್ಕ್‌ನ ಯೂಲಿಯಸ್ ಥಾಮ್ಸನ್ ಮೊದಲಾದವರ ಅಳತೆಗಳು ಇನ್ನೊಂದು ಸಂಗತಿಯನ್ನು ಗಟ್ಟಿಗೊಳಿಸಿದವು. ಯಾವ ಪ್ರಬಲ ಆಮ್ಲವನ್ನು ಯಾವ ಪ್ರಬಲ ಪ್ರತ್ಯಾಮ್ಲ ತಟಸ್ಥಗೊಳಿಸಿದರೂ, ಉಂಟಾಗುವ ಪ್ರತಿ ಮೋಲ್ ನೀರಿಗೆ ಹೊಮ್ಮುವ ಉಷ್ಣ ಸುಮಾರು 57 ಕಿಲೋಜೂಲ್.

ಅರೇನಿಯಸ್ ಮತ್ತು ಓಸ್ಟ್‌ವಾಲ್ಡ್

ಉತ್ತರ ಕೊಟ್ಟವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. 1884ರಲ್ಲಿ ಉಪ್ಸಾಲಾದಲ್ಲಿ ಸಲ್ಲಿಸಿದ ಪ್ರಬಂಧಕ್ಕೆ ಅವರಿಗೆ ದಕ್ಕಿದ್ದು ಕೆಳದರ್ಜೆ. ಆದರೆ 1887ರಲ್ಲಿ ಅವರು, ಲವಣಗಳು ನೀರಿನಲ್ಲಿ ಕರಗುತ್ತಲೇ ಅಯಾನುಗಳಾಗಿ ಬೇರ್ಪಡುತ್ತವೆ ಎಂದು ಸ್ಪಷ್ಟವಾಗಿ ಮಂಡಿಸಿದರು. ಹೆಸ್ ಕಂಡ ಮಿಶ್ರಣದಲ್ಲಿ ಎಲ್ಲ ಅಯಾನುಗಳೂ ಪ್ರೇಕ್ಷಕರು. ಬರೆಯಲು ನಿವ್ವಳ ಸಮೀಕರಣವೇ ಇಲ್ಲ. ಪ್ರಬಲ ಆಮ್ಲಗಳೆಲ್ಲಕ್ಕೂ ಉಷ್ಣ ಒಂದೇ ಆಗಿರುವುದಕ್ಕೆ ಕಾರಣ, ಅಲ್ಲೆಲ್ಲ ನಡೆಯುವ ಕ್ರಿಯೆಯೂ ಒಂದೇ: ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು ಕೂಡಿ ನೀರಾಗುವುದು. ಅರೇನಿಯಸ್‌ಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ತತ್ವವನ್ನು ಪ್ರಯೋಗಶಾಲೆಯ ಮೇಜಿಗೆ ತಂದದ್ದು ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ 1894ರಲ್ಲಿ ಪ್ರಕಟಿಸಿದ, ವಿಶ್ಲೇಷಣಾ ರಸಾಯನಶಾಸ್ತ್ರದ ವೈಜ್ಞಾನಿಕ ತಳಹದಿಯನ್ನು ಕುರಿತ ಗ್ರಂಥ. ಆ ದೃಷ್ಟಿಯಿಂದ ನೋಡಿದರೆ ಸಿಲ್ವರ್ ನೈಟ್ರೇಟ್ ಪರೀಕ್ಷೆ ಪತ್ತೆಹಚ್ಚುವುದು ಕ್ಲೋರೈಡ್ ಅಯಾನನ್ನು, ಕ್ಲೋರಿನ್ ಧಾತುವನ್ನಲ್ಲ. ಪೊಟ್ಯಾಸಿಯಂ ಕ್ಲೋರೇಟ್‌ನಲ್ಲೂ ಕ್ಲೋರೋಫಾರ್ಮ್‌ನಲ್ಲೂ ಕ್ಲೋರಿನ್ ಇದ್ದೇ ಇದೆ, ಆದರೆ ಅವು ಆ ಬಿಳಿಯ ಪ್ರಕ್ಷೇಪ ಕೊಡುವುದಿಲ್ಲ.

ತರಗತಿಗೆ ಉಳಿದ ಪ್ರಶ್ನೆ

ಕರ್ನಾಟಕದ ಹತ್ತನೆಯ ತರಗತಿಯ ಮಕ್ಕಳು ಬೇರಿಯಂ ಸಲ್ಫೇಟ್ ಪ್ರಕ್ಷೇಪವನ್ನೂ ತಟಸ್ಥೀಕರಣವನ್ನೂ ಓದುತ್ತಾರೆ. ಅವರು ಎಡವುವುದು ಹೊಡೆದುಹಾಕುವಲ್ಲಿ ಅಲ್ಲ, ಯಾವುದನ್ನು ಒಡೆದು ಬರೆಯಬೇಕೆಂದು ನಿರ್ಧರಿಸುವಲ್ಲಿ. ಅಸಿಟಿಕ್ ಆಮ್ಲ ದುರ್ಬಲ. ದ್ರಾವಣದಲ್ಲಿ ಅದರ ಬಹುಪಾಲು ಅಣುಗಳಾಗಿಯೇ ಇರುವುದರಿಂದ ಸಮೀಕರಣದಲ್ಲೂ ಇಡಿಯಾಗಿ ನಿಲ್ಲಬೇಕು. ಕರಗದ ಲವಣಕ್ಕೂ ಇದೇ ನಿಯಮ. ಇದನ್ನು ಕಂಠಪಾಠದ ಪಟ್ಟಿಯಾಗಿ ಕೊಡುವ ಮುನ್ನ ಎರಡು ಬೀಕರು ಮತ್ತು ಒಂದು ಉಷ್ಣತಾಮಾಪಕದಿಂದ ಹೆಸ್‌ನ ಪ್ರಯೋಗ ಮಾಡಿ ತೋರಿಸಬಹುದು. ಪಾದರಸ ಏಕೆ ಕದಲಲಿಲ್ಲ ಎಂದು ವಿವರಿಸಬಲ್ಲ ವಿದ್ಯಾರ್ಥಿಗೆ ಪ್ರೇಕ್ಷಕ ಅಯಾನು ಎಂದರೇನೆಂದು ಮತ್ತೆ ಹೇಳಿಕೊಡಬೇಕಾಗಿಲ್ಲ.