ಹಾಯಿದೋಣಿಯಲ್ಲಿ ರೇಡಿಯೋ ದನಿ



ಕಾಸರಗೋಡಿನ ಕರಾವಳಿಯಲ್ಲಿರುವ ನಿಮಗೆ ದೋಣಿ ಹೊಸದಲ್ಲ. ಆದವಾನಿ, ಅಕ್ಕಲಕೋಟೆಯ ಕಡೆಯ ನಿಮಗೆ ಕಡಲು ದೂರ. ಆದರೆ ರೇಡಿಯೋ ಎಲ್ಲರ ಮನೆಯದು. ಹಾಯಿದೋಣಿಯನ್ನೂ ರೇಡಿಯೋವನ್ನೂ ಕೂಡಿಸುವ ಒಂದು ಚರಿತ್ರೆಯನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಇಂದು ವಿಹಾರಕ್ಕೆ ಹೋಗುವ ಅನೇಕ ಹಾಯಿದೋಣಿಗಳಲ್ಲಿ ಚುಕ್ಕಾಣಿಯ ಪಕ್ಕದಲ್ಲೇ ಸ್ಪೀಕರ್ ಇರುತ್ತದೆ, ಅದರಿಂದ ಹಾಡು ಬರುತ್ತದೆ. ಇದು ಬರೀ ಶೋಕಿಯೆ? ಆ ಸ್ಪೀಕರ್ ಅಲ್ಲಿಗೆ ಬಂದು ಸೇರಿದ ದಾರಿಯನ್ನು ನೋಡಿದರೆ ಹಾಗೆನ್ನಲಾಗದು.

ವಿದ್ಯುತ್ತು ಬರುವ ಮುಂಚೆ ಕಡಲಿನಲ್ಲಿ ಕೂಗೇ ಸಾಧನ. ಹತ್ತಿರದ ಹಡಗಿಗೆ ಮಾತು ಮುಟ್ಟಿಸಲು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮೋರ್ಲಂಡ್ 1670ರ ಆಸುಪಾಸಿನಲ್ಲಿ ಮಾತಿನ ತುತ್ತೂರಿಯೊಂದನ್ನು ರೂಪಿಸಿದರು. ಮಂಜು ಕವಿದಾಗ ಗಂಟೆ ಬಾರಿಸುತ್ತಿದ್ದರು. ದಡ ಕಣ್ಮರೆಯಾದ ಮೇಲೆ ದಡದ ದನಿಯೂ ಇಲ್ಲ.

ಆ ಮೌನವನ್ನು ಮುರಿದದ್ದು ರೇಡಿಯೋ. 1924ರ ಫೆಬ್ರವರಿ 5ರಂದು ಬಿಬಿಸಿ ಗ್ರೀನಿಚ್ ವೇಳೆಯ ಆರು 'ಪೀಪ್'ಗಳನ್ನು ಬಿತ್ತರಿಸಲು ತೊಡಗಿತು. ನಮಗೆ ಅದು ಕೈಗಡಿಯಾರ ತಿದ್ದಿಕೊಳ್ಳುವ ಸದ್ದು. ನಾವಿಕನಿಗೆ ತಾನಿರುವ ಜಾಗವನ್ನೇ ತಿಳಿಸುವ ಸದ್ದು. ಸೂರ್ಯ, ನಕ್ಷತ್ರಗಳನ್ನು ಅಳೆದು ರೇಖಾಂಶ ಕಂಡುಹಿಡಿಯುವಾಗ ಗಡಿಯಾರ 4 ಸೆಕೆಂಡು ತಪ್ಪಿದರೆ, ಸಮಭಾಜಕ ವೃತ್ತದ ಬಳಿ ಲೆಕ್ಕ ಸುಮಾರು 1.85 ಕಿಲೋಮೀಟರ್ ತಪ್ಪುತ್ತದೆ. ಬಂಡೆಗೆ ಬಡಿಯಲು ಅಷ್ಟು ಸಾಕು. ಆದರೆ ಅಂದಿನ ವಾಲ್ವ್ ರೇಡಿಯೋಗಳು ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತಿದ್ದವು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, 1954ರಲ್ಲಿ ಅಮೆರಿಕದಲ್ಲಿ ಜೇಬಿನ ರೇಡಿಯೋ ಮಾರಾಟಕ್ಕೆ ಬಂದ ಮೇಲೆ ಸಣ್ಣ ದೋಣಿಗೂ ಕಿವಿ ಬಂತು.

ಆ ಕಿವಿಯ ಬೆಲೆ ತಿಳಿಯಬೇಕಾದರೆ 'ಸುಹೈಲಿ'ಯ ಕಥೆ ಕೇಳಬೇಕು. 32 ಅಡಿಯ ಈ ತೇಗದ ಹಾಯಿದೋಣಿಯನ್ನು ಕಟ್ಟಿದ್ದು ನಮ್ಮ ಮುಂಬಯಿಯಲ್ಲಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಇಂಗ್ಲಿಷ್ ನಾವಿಕರು 1968ರ ಜೂನ್ 14ರಂದು ಇದರಲ್ಲಿ ಒಬ್ಬರೇ ಇಂಗ್ಲೆಂಡಿನಿಂದ ಹೊರಟು, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ, 312 ದಿನಗಳ ಮೇಲೆ 1969ರ ಏಪ್ರಿಲ್ 22ರಂದು ಮರಳಿದರು. ಆ ಪಂದ್ಯಕ್ಕೆ ಇಳಿದ ಒಂಬತ್ತು ಮಂದಿಯಲ್ಲಿ ಮುಗಿಸಿದವರು ಅವರೊಬ್ಬರೇ. ದಾರಿಯಲ್ಲಿ ಅವರ ರೇಡಿಯೋದ ಮಾತು ಕಳಿಸುವ ಭಾಗ ಕೆಟ್ಟುಹೋಯಿತು. ನವೆಂಬರಿನಲ್ಲಿ ನ್ಯೂಜಿಲೆಂಡಿನ ಬಳಿ ಕಂಡವರು ಮತ್ತೆ ಕಂಡದ್ದು ಏಪ್ರಿಲಿನಲ್ಲಿ. ಬದುಕಿದ್ದಾರೋ ಇಲ್ಲವೋ ಮನೆಯವರಿಗೇ ಗೊತ್ತಿಲ್ಲ. ಆದರೆ ಅವರಿಗೆ ಲೋಕ ಕೇಳಿಸುತ್ತಿತ್ತು. 1968ರ ಕ್ರಿಸ್ಮಸ್ ಹೊತ್ತಿಗೆ, ಅಪೋಲೋ 8ರಲ್ಲಿ ಮೂವರು ಚಂದ್ರನನ್ನು ಸುತ್ತುತ್ತಿರುವ ಸುದ್ದಿ ಆ ಒಂಟಿ ದೋಣಿಯನ್ನು ಮುಟ್ಟಿತು.

ಈಗ ಸ್ಪೀಕರಿನ ವಿಷಯ. ರೇಡಿಯೋ ಇರುವುದು ಕೆಳಗಿನ ಕೋಣೆಯಲ್ಲಿ, ನೀರು ತಾಗದ ಕಡೆ. ಚುಕ್ಕಾಣಿ ಹಿಡಿದವರು ಮೇಲೆ, ಗಾಳಿಮಳೆಯಲ್ಲಿ. ಬಿರುಗಾಳಿಯ ಎಚ್ಚರಿಕೆ ಕೆಳಗೆ ಮೊಳಗಿದರೆ ಮೇಲಿದ್ದವರಿಗೆ ಏನು ಪ್ರಯೋಜನ? ಹೀಗಾಗಿ ತಂತಿ ಎಳೆದು ದನಿಯನ್ನು ಮೇಲಕ್ಕೆ ತಂದರು. ಮನೆಯ ಸ್ಪೀಕರಿನ ಕಾಗದ ಅಲ್ಲಿ ನೆನೆದು ಹಾಳಾಗುವುದರಿಂದ ಪ್ಲಾಸ್ಟಿಕ್ ಬಂತು. ಉಪ್ಪುಗಾಳಿಗೆ ತಾಮ್ರ ಕಿಲುಬು ಹಿಡಿಯುವುದರಿಂದ ತವರ ಲೇಪಿಸಿದ ತಂತಿ ಬಂತು. ಇನ್ನೂ ಒಂದು ಅಪಾಯವಿದೆ. ಸ್ಪೀಕರಿನೊಳಗಿರುವುದು ಅಯಸ್ಕಾಂತ. ದಿಕ್ಸೂಚಿಯ ಹತ್ತಿರ ಕೂರಿಸಿದರೆ, ಹಾಡು ನಿಲ್ಲಿಸಿದರೂ ಅದು ಮುಳ್ಳನ್ನು ಎಳೆಯುತ್ತಲೇ ಇರುತ್ತದೆ. ಹಾಡು ಕೇಳುತ್ತ ಕೇಳುತ್ತ ದೋಣಿ ದಾರಿ ತಪ್ಪೀತು! ಅದಕ್ಕೇ ಬಲ್ಲವರು ಮೊಳೆ ಹೊಡೆಯುವ ಮೊದಲು ಸ್ಪೀಕರನ್ನು ಅಲ್ಲಿ ಹಿಡಿದು, ಮುಳ್ಳು ಅಲುಗುವುದೇ ಎಂದು ನೋಡುತ್ತಾರೆ.

2018ರಲ್ಲಿ ಸುಹೈಲಿಯ ನೆನಪಿಗೆ ಹಳೆಯ ಪಂದ್ಯವನ್ನು ಮತ್ತೆ ನಡೆಸಿದಾಗ ಹಳೆಯ ಕಾಲದ ಸಾಧನಗಳೇ ನಿಯಮ. ಹಾಡು ಬೇಕೆಂದರೆ ಕ್ಯಾಸೆಟ್ಟೇ ಗತಿ. ಸುಹೈಲಿಯನ್ನೇ ಹೋಲುವ, ಗೋವೆಯಲ್ಲಿ ಕಟ್ಟಿದ 'ತುರೀಯಾ'ದಲ್ಲಿ ಹೋದವರು ನೌಕಾಪಡೆಯ ಅಭಿಲಾಷ್ ಟೋಮಿ. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಮಗುಚಿ, ಅವರ ಬೆನ್ನಿಗೆ ದೊಡ್ಡ ಪೆಟ್ಟಾಯಿತು. ಉಪಗ್ರಹದ ಮೂಲಕ ಕಳಿಸಿದ ಪುಟ್ಟ ಸಂದೇಶಗಳು ಅವರ ಸ್ಥಿತಿಯನ್ನು ದಡಕ್ಕೆ ತಿಳಿಸಿದವು. 24ರಂದು ಫ್ರಾನ್ಸಿನ ಹಡಗೊಂದು ಅವರನ್ನು ಕಾಪಾಡಿತು.

ಅದಕ್ಕೂ ಹಿಂದಿನ ವರ್ಷ, 2017ರ ನವೆಂಬರ್ ಕೊನೆಗೆ, ಓಖಿ ಚಂಡಮಾರುತ ಎದ್ದದ್ದು ನಿಮಗೆ ನೆನಪಿರಬಹುದು. ಎಚ್ಚರಿಕೆ ಹೊರಡುವ ಮೊದಲೇ ಕೇರಳ, ತಮಿಳುನಾಡಿನ ಮೀನುಗಾರರು ಆಳಕಡಲಿಗೆ ಹೋಗಿಬಿಟ್ಟಿದ್ದರು. ಕೆಲವರು ಲಕ್ಷದ್ವೀಪ, ದೇವಗಡಗಳ ದಡ ಸೇರಿದರು. ಅನೇಕರು ಮರಳಲೇ ಇಲ್ಲ. ಸಾಮಾನ್ಯವಾಗಿ ಮೊಬೈಲ್ ಸಂಕೇತ ದಡದಿಂದ 10-12 ಕಿಲೋಮೀಟರ್ ದಾಟಿದರೆ ಸಿಗದು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 'ಜೆಮಿನಿ' ಎಂಬ ಸಾಧನವನ್ನು ಬಿಡುಗಡೆ ಮಾಡಿತು. ಉಪಗ್ರಹದಿಂದ ಬಂದ ಎಚ್ಚರಿಕೆಯನ್ನು ಅದು ದೋಣಿಯಲ್ಲಿರುವ ಮೊಬೈಲಿಗೆ ದಾಟಿಸುತ್ತದೆ. ಒಂಬತ್ತು ಪ್ರಾದೇಶಿಕ ಭಾಷೆಗಳಲ್ಲಿ ತೋರಿಸುವ ಏರ್ಪಾಡೂ ಇದೆ. ಆದರೆ ಅದರಿಂದ ಮರುಮಾತು ಕಳಿಸಲಾಗದು. ಸುಹೈಲಿಯಂತೆ ಅದೂ ಬರೀ ಕಿವಿ.

ಬಂಧುಗಳೇ, ಎರಡು ಭಾಷೆಗಳ ನಡುವೆ ಬದುಕುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪಾಯದ ಹೊತ್ತಿನಲ್ಲಿ ದನಿ ಕೇಳಿಸಿದರೆ ಸಾಲದು, ಅರ್ಥವೂ ಆಗಬೇಕು. ದೋಣಿಗೆ ಹೊಸ ಪೆಟ್ಟಿಗೆ ತರುವವರು ಹಾಡು ಎಷ್ಟು ಜೋರು ಎಂದು ಕೇಳಲಿ, ತಪ್ಪಿಲ್ಲ. ಅದಕ್ಕೆ ಮೊದಲು, ಎಂಜಿನ್ನಿನ ಸದ್ದಿನಲ್ಲಿ, ಗಾಳಿಯ ಅಬ್ಬರದಲ್ಲಿ ಹವಾಮಾನ ವಾರ್ತೆ ಚುಕ್ಕಾಣಿಯವರೆಗೆ ಮುಟ್ಟೀತೇ ಎಂದು ಕೇಳಲಿ.