ಎಡಗೈಯ ಎರಡು ಲಿವರ್‌ಗಳು

ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ನಿಲ್ದಾಣ ಕಟ್ಟಿತು. ವಿಮಾನ ಏರಬೇಕಾದರೆ ಮೊದಲು ನೆಲದ ಮೇಲೆ ಓಡಲೇಬೇಕಿದ್ದ ಕಾಲ ಅದು. ನಾಲ್ಕು ದಶಕಗಳ ನಂತರ ಆ ಕಟ್ಟಳೆಯನ್ನು ಮೀರಿದ ವಿಮಾನ ಘಟ್ಟದ ಕೆಳಗೇ ಬಂದಿಳಿಯಿತು.

ಬೆಳಗಾವಿ ಪಕ್ಕದ ಖಾನಾಪುರದ ರೈಲು ಹಳಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ, ಘಟ್ಟ ಇಳಿದು ಗೋವಾದ ದಾಬೋಲಿಮ್ ಮುಟ್ಟುತ್ತದೆ. ಅಲ್ಲಿನ ನೌಕಾನೆಲೆ ಐಎನ್‌ಎಸ್ ಹಂಸಕ್ಕೆ 1983ರ ಡಿಸೆಂಬರ್ 16ರಂದು ಮೊದಲ ಸೀ ಹ್ಯಾರಿಯರ್‌ಗಳು ಬಂದವು. ನಿಂತಲ್ಲೇ ಇಳಿಯಬಲ್ಲ ಈ ಜೆಟ್‌ಗಳನ್ನು ‘ವೈಟ್ ಟೈಗರ್ಸ್’ ಎಂದು ಹೆಸರಾದ 300ನೇ ಸ್ಕ್ವಾಡ್ರನ್ ಹಾರಿಸಿತು.

ಕಾಕ್‌ಪಿಟ್‌ನಲ್ಲಿ ಪೈಲಟ್‌ನ ಎಡಗೈಗೆ ಎರಡು ಲಿವರ್. ಥ್ರಾಟಲ್ ಎಂಜಿನ್ನಿನ ಬಲ ಹೆಚ್ಚಿಸಿ ತಗ್ಗಿಸುತ್ತಿತ್ತು. ಪಕ್ಕದ ಲಿವರ್ ಪೆಗಾಸಸ್ ಎಂಜಿನ್ನಿನ ನಾಲ್ಕು ನಳಿಕೆಗಳನ್ನು ಹಿಂಮುಖದಿಂದ ಕೆಳಮುಖಕ್ಕೆ ತಿರುಗಿಸುತ್ತಿತ್ತು. ಇಳಿಯುವ ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಎಳೆದರೆ ಪ್ರಾಣಕ್ಕೇ ಸಂಚಕಾರ. ವಿಮಾನ ಗಾಳಿಯಲ್ಲಿ ನಿಂತಾಗ ರೆಕ್ಕೆಯ ಮೇಲೆ ಗಾಳಿ ಹರಿಯುವುದಿಲ್ಲ, ವಿಮಾನವನ್ನು ಹಿಡಿತದಲ್ಲಿಡುವ ರೆಕ್ಕೆ, ಬಾಲಗಳ ಎಂದಿನ ಪಟ್ಟಿಗಳು ಕೆಲಸಕ್ಕೆ ಬಾರವು. ಆಗ ಎಂಜಿನ್ನಿನ ಒತ್ತಡದ ಗಾಳಿಯೇ ಮೂತಿ, ಬಾಲ, ರೆಕ್ಕೆತುದಿಗಳಿಂದ ಚಿಮ್ಮಿ ಸಮತೋಲ ಕಾಯುತ್ತಿತ್ತು.

ಎತ್ತರ, ವೇಗದ ಅಂಕಿಗಳು ಕಣ್ಣೆದುರಿನ ಗಾಜಿನ ಮೇಲೇ ಮೂಡುತ್ತಿದ್ದವು. ತಲೆ ತಗ್ಗಿಸಲು ಆ ಹೊತ್ತಿನಲ್ಲಿ ಪುರಸೊತ್ತೆಲ್ಲಿ? ಇಷ್ಟೆಲ್ಲ ಇದ್ದೂ ಮುಂಗಾಜಿನ ಆಚೆ, ಮೂತಿಯ ಮೇಲೆ, ಗಾಳಿಗೆ ತಿರುಗುವ ಪುಟ್ಟ ಲೋಹದ ಸೂಚಕವೊಂದಿತ್ತು. ನಿಧಾನ ವೇಗದಲ್ಲಿ ಗಾಳಿ ಪಕ್ಕದಿಂದ ಹೊಡೆದರೆ ವಿಮಾನ ಮಗುಚಬಹುದು. ಆ ಅಪಾಯವನ್ನು ತಕ್ಷಣ ತೋರಿಸುತ್ತಿದ್ದ ಈ ಸರಳ ಸಾಧನ ಇಡೀ ವಿಮಾನದ ಅತ್ಯಂತ ಜಾಣ ಭಾಗ ಎನ್ನಬೇಕು.

ಎಡಗೈಯ ಈ ಭಾರ ಇಳಿಸಲು ಬ್ರಿಟನ್ನಿನ ಬೆಡ್‌ಫರ್ಡ್‌ನಲ್ಲಿ ಎರಡು ಆಸನಗಳ ಹ್ಯಾರಿಯರ್ ಒಂದರ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಯಿತು. ಏರು, ಇಳಿ, ಮುಂದೆ, ಹಿಂದೆ ಎಂದಷ್ಟೇ ಪೈಲಟ್ ಸೂಚಿಸಬೇಕು. ನಳಿಕೆಗಳ ಲೆಕ್ಕ ಕಂಪ್ಯೂಟರಿನದು. ನಿಂತಲ್ಲೇ ಇಳಿಯಬಲ್ಲ ಅಮೆರಿಕದ ಎಫ್-35ಬಿ ಜೆಟ್ ಈ ಕ್ರಮವನ್ನೇ ಅನುಸರಿಸಿತು. ನಮ್ಮ ನೌಕಾಪಡೆಯ ಸೀ ಹ್ಯಾರಿಯರ್‌ಗಳು ಮಾತ್ರ ಕೊನೆಯವರೆಗೂ ಎರಡು ಲಿವರ್‌ಗಳಲ್ಲೇ ಹಾರಿ, 2016ರ ಮೇನಲ್ಲಿ ಹಂಸದಲ್ಲೇ ನಿವೃತ್ತವಾದವು.

ಅದೇ ವರ್ಷದ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ನಿಂತಲ್ಲೇ ಏರಿಳಿಯುವ ಇನ್ನೊಂದು ಯಂತ್ರ, ಎಚ್‌ಎಎಲ್‌ನ ಲಘು ಹೆಲಿಕಾಪ್ಟರ್, ಮೊದಲ ಬಾರಿ ಹಾರಿತು. ಮುಳ್ಳಿನ ಮೀಟರ್‌ಗಳ ಸಾಲಿದ್ದ ಹಳೆಯ ಚೇತಕ್, ಚೀತಾ ಹೆಲಿಕಾಪ್ಟರ್‌ಗಳ ಜಾಗಕ್ಕೆಂದು ರೂಪುಗೊಂಡ ಇದರಲ್ಲಿ ಪರದೆಗಳೇ ಎಲ್ಲವನ್ನೂ ತೋರಿಸುತ್ತವೆ. ಎತ್ತರ ಏರಿಸಿ ಇಳಿಸುವ ಕಲೆಕ್ಟಿವ್ ಲಿವರ್ ಮಾತ್ರ ಚೇತಕ್‌ನಲ್ಲಿದ್ದಂತೆ ಎಡಗೈಯಲ್ಲೇ ಉಳಿದಿದೆ.