ಹಿಮದ ಮೇಷ್ಟ್ರು, ಬ್ಯಾಂಕಿನ ಸಾಲ

ರಜೆಗೆ ಗುಲ್ಮಾರ್ಗಕ್ಕೋ ಔಲಿಗೋ ಹೋಗಿ ಮೊದಲ ಸಲ ಸ್ಕೀ ಕಟ್ಟಿಕೊಂಡವರನ್ನ ಕೇಳಿ ನೋಡಿ. ಮೊದಲ ದಿನ ಮೇಷ್ಟ್ರು ಹೇಳಿಕೊಡೋದು ಬಹುತೇಕ ಒಂದೇ ಪಾಠ. ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ ತನ್ನಿ, ಹಿಮ್ಮಡಿ ಕಡೆ ಅಗಲ ಮಾಡಿ, ಮಂಡಿ ಬಗ್ಗಿಸಿ. ಆಗ ಸ್ಕೀಗಳ ಒಳ ಅಂಚು ಹಿಮವನ್ನ ಕೆರೆಯುತ್ತೆ, ವೇಗ ಇಳಿಯುತ್ತೆ. ಇದಕ್ಕೆ ಸ್ನೋಪ್ಲೋ ಅಂತಾರೆ. ಈ ಪಾಠದಿಂದ ಶುರುವಾಗುವ ಒಂದು ಪೂರ್ತಿ ಕೋರ್ಸನ್ನ ರಜೆಗೆ ಬಂದವರಿಗಾಗಿ ಬೆಳೆಸಿ ಹೆಸರಾದ ಊರು ಆಸ್ಟ್ರಿಯಾದ ಸೇಂಟ್ ಆಂಟನ್. ಇವತ್ತು ಆ ಊರಿನ ಇಬ್ಬರ ಕಥೆ.

ಸೇಂಟ್ ಆಂಟನ್ ಆಲ್ಪ್ಸ್ ಪರ್ವತಗಳ ಆರ್ಲ್‌ಬರ್ಗ್ ಘಾಟಿಯ ಬುಡದಲ್ಲಿರುವ ಹಳ್ಳಿ. 1884ರಲ್ಲಿ ಘಾಟಿಯ ಕೆಳಗೆ 10 ಕಿ.ಮೀ.ಗೂ ಉದ್ದದ ರೈಲು ಸುರಂಗ ತೆರೆಯಿತು. ಘಾಟಿ ಮೇಲಿನ ಗಾಡಿ ಸಾಗಣೆ ನಂಬಿದ್ದವರ ಹೊಟ್ಟೆಪಾಡಿಗೆ ಪೆಟ್ಟು ಬಿತ್ತು. ಆದ್ರೆ ಅದೇ ರೈಲು ಚಳಿಗಾಲದಲ್ಲೂ ಅತಿಥಿಗಳನ್ನ ತರಬಹುದಿತ್ತು. ಇದನ್ನ ಚೆನ್ನಾಗಿ ಅರಿತವರಲ್ಲಿ ಒಬ್ಬ ರುಡಾಲ್ಫ್ ಗೊಂಪರ್ಟ್ಸ್. ವಿಯೆನ್ನಾದ ಯೆಹೂದಿ ಮೂಲದ ಎಂಜಿನಿಯರ್. ಇಲ್ಲಿಗೆ ಬಂದು ನೆಲೆಸಿ, ಊರನ್ನ ಚಳಿಗಾಲದ ಪ್ರವಾಸಿ ತಾಣ ಮಾಡೋಕೆ ದುಡಿದ.

ಇನ್ನೊಬ್ಬ ಹಾನೆಸ್ ಶ್ನೈಡರ್. 1890ರಲ್ಲಿ ಪಕ್ಕದ ಸ್ಟೂಬೆನ್‌ನಲ್ಲಿ ಹುಟ್ಟಿದವನು. 1907ರಲ್ಲಿ, 17ರ ವಯಸ್ಸಿಗೇ, ಸೇಂಟ್ ಆಂಟನ್‌ನ ಹೋಟೆಲ್ ಪೋಸ್ಟ್ ಅವನನ್ನ ಅತಿಥಿಗಳಿಗೆ ಸ್ಕೀ ಕಲಿಸೋಕೆ ಕರೆಸಿಕೊಂಡಿತು. ನಾರ್ವೆಯವರು ನೆಟ್ಟಗೆ ನಿಂತು ಜಾರುತ್ತಿದ್ದರು. ಆಲ್ಪ್ಸ್‌ನ ಕಡಿದಾದ ಇಳಿಜಾರಿಗೆ ಅದು ಒಗ್ಗೋದು ಕಷ್ಟ. ಶ್ನೈಡರ್ ಮಂಡಿ ಬಗ್ಗಿಸಿ, ಮೈಭಾರ ಮುಂದೆ ಹಾಕಿ ತಿರುಗೋದನ್ನ ಕಲಿಸಿದ. ಮೊದಲ ಮಹಾಯುದ್ಧದಲ್ಲಿ ಪರ್ವತ ಪಡೆಯ ಸೈನಿಕರಿಗೂ ಸ್ಕೀ ಹೇಳಿಕೊಟ್ಟ.

1921ರಲ್ಲಿ ತನ್ನದೇ ಸ್ಕೀ ಶಾಲೆ ತೆರೆದ. ಮೊದಲು ಸ್ನೋಪ್ಲೋ, ಆಮೇಲೆ ಸ್ಟೆಮ್ ತಿರುವು, ಕೊನೆಗೆ ಸ್ಟೆಮ್ ಕ್ರಿಸ್ಟಿಯಾನಿಯಾ. ಕಲಿಯೋರ ಮಟ್ಟ ನೋಡಿ ತರಗತಿ. ಯಾವ ಮೇಷ್ಟ್ರ ಕೈಗೆ ಸಿಕ್ಕರೂ ಪಾಠ ಒಂದೇ. ನನ್ನಂಥ ಬಿ.ಕಾಂ. ಓದಿದವರ ಕಣ್ಣಿಗೆ ಇದು ಅಪ್ಪಟ ವ್ಯಾಪಾರ ಬುದ್ಧಿ. ಯಾಕಂದ್ರೆ ಒಂದು ವಾರ ರಜೆ ಹಾಕಿ ಬಂದವನಿಗೆ, ವಾರದ ಕೊನೆಗೆ ಕೈಕಾಲು ಮುರಿಯದೆ ಗುಡ್ಡ ಇಳಿಯೋ ಭರವಸೆ ಬೇಕು. ಆರ್ನಾಲ್ಡ್ ಫಾಂಕ್‌ನ ಸಿನಿಮಾಗಳಲ್ಲಿ ನಟಿಸಿದ ಶ್ನೈಡರ್‌ನ ಹೆಸರು ಹೊರದೇಶಗಳಿಗೂ ಹೋಯಿತು. 1930ರಲ್ಲಿ ಜಪಾನ್ ಅವನನ್ನ ಕಲಿಸೋಕೆ ಕರೆಸಿಕೊಂಡಿತ್ತು.

ಈಗ ರಾಜಕೀಯ ನೋಡಿ. 1933ರಲ್ಲಿ ಹಿಟ್ಲರ್ ಸರ್ಕಾರ ಆಸ್ಟ್ರಿಯಾಕ್ಕೆ ಹೋಗುವ ಪ್ರತಿ ಜರ್ಮನ್ ಪ್ರವಾಸಿಯ ಮೇಲೆ 1,000 ಮಾರ್ಕ್ ಶುಲ್ಕ ಹೇರಿತು. ಗುಂಡು ಹಾರಿಸದೆ ನೆರೆಯ ದೇಶದ ಪ್ರವಾಸೋದ್ಯಮದ ಕತ್ತು ಹಿಸುಕೋ ಉಪಾಯ. 1936ರವರೆಗೂ ಅದು ಇತ್ತು.

1938ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಆಸ್ಟ್ರಿಯಾದೊಳಗೆ ನುಗ್ಗಿತು. ಶ್ನೈಡರ್ ನಾಜಿಗಳಿಗೆ ಸೊಪ್ಪು ಹಾಕದವನು, ಸಾಲದ್ದಕ್ಕೆ ಗೊಂಪರ್ಟ್ಸ್‌ನ ಗೆಳೆಯ. ತಕ್ಷಣ ಬಂಧಿಸಿ ಜೈಲಿಗೆ ಹಾಕಿದರು. ಆಮೇಲೆ ಜರ್ಮನಿಯ ಗಾರ್ಮಿಶ್‌ನಲ್ಲಿ ಕಣ್ಗಾವಲಲ್ಲಿ ಇಟ್ಟರು.

ಅವನನ್ನ ಬಿಡಿಸಿದ್ದು ಒಬ್ಬ ಬ್ಯಾಂಕರ್. ನ್ಯೂಯಾರ್ಕ್‌ನ ಮ್ಯಾನುಫ್ಯಾಕ್ಚರರ್ಸ್ ಟ್ರಸ್ಟ್ ಬ್ಯಾಂಕಿನ ಅಧ್ಯಕ್ಷ ಹಾರ್ವೆ ಗಿಬ್ಸನ್. ಅಮೆರಿಕದ ಬ್ಯಾಂಕುಗಳಿಗೆ ಜರ್ಮನಿಯಿಂದ ಬರಬೇಕಿದ್ದ ಸಾಲದ ಮಾತುಕತೆಯಲ್ಲಿ ಇವನಿಗೆ ದೊಡ್ಡ ಪಾತ್ರ ಇತ್ತು. ಹುಟ್ಟೂರು ನಾರ್ತ್ ಕಾನ್ವೇಯಲ್ಲಿ ಸ್ಕೀ ತಾಣ ಬೆಳೆಸುತ್ತಿದ್ದ, ಅದಕ್ಕೆ ಮೇಷ್ಟ್ರು ಬೇಕಿತ್ತು. ಸಾಲಗಾರನ ಮೇಲೆ ಸಾಲ ಕೊಟ್ಟವನಿಗೆ ಇರೋ ಹಿಡಿತ ಬಳಸಿದ. 1939ರ ಫೆಬ್ರವರಿ 11ರಂದು ಶ್ನೈಡರ್ ಕುಟುಂಬ ನಾರ್ತ್ ಕಾನ್ವೇಯಲ್ಲಿ ರೈಲಿಳಿದಾಗ, ಮಕ್ಕಳು ಸ್ಕೀ ಕೋಲುಗಳನ್ನ ಎತ್ತಿ ಹಿಡಿದು ಕಮಾನು ಕಟ್ಟಿ ಸ್ವಾಗತಿಸಿದರು. 1955ರಲ್ಲಿ ಸಾಯೋವರೆಗೂ ಅವನ ಮನೆ ಅಮೆರಿಕವೇ.

ಗೊಂಪರ್ಟ್ಸ್ ಪರವಾಗಿ ಚೌಕಾಸಿ ಮಾಡೋಕೆ ಗಿಬ್ಸನ್‌ನಂಥ ಬ್ಯಾಂಕರ್ ಇರಲಿಲ್ಲ. ತಾನೇ ಬೆಳೆಸಿದ ಊರಿನಿಂದ ಅವನನ್ನ ವಿಯೆನ್ನಾಕ್ಕೆ ಅಟ್ಟಿದರು. 1942ರ ಮೇನಲ್ಲಿ ಅಲ್ಲಿಂದ ರೈಲು ಹತ್ತಿಸಿ, ಮಿನ್ಸ್ಕ್ ಹತ್ತಿರದ ಮಾಲಿ ಟ್ರೋಸ್ಟಿನೆಟ್ಸ್‌ನಲ್ಲಿ ಕೊಂದರು. ಹೊರಗಿನವರನ್ನ ಅತಿಥಿ ಅಂತ ಕರೆದು ಬದುಕಿದ ಊರಿನಲ್ಲಿ ಅವನಿಗೆ ಜಾಗ ಉಳಿದಿರಲಿಲ್ಲ.

ಸ್ಕೀ ಇತಿಹಾಸ ಅಂದ್ರೆ ಶ್ನೈಡರ್ ಹೆಸರು ಬಂದೇ ಬರುತ್ತೆ. ಅದರ ಜೊತೆ ಗೊಂಪರ್ಟ್ಸ್ ಹೆಸರನ್ನೂ ಹೇಳೋಣ. ಮುಂದಿನ ವಾರ ಮತ್ತೆ ಸಿಗ್ತೀನಿ.